ಕಿಂಡರ್ ಸ್ಕೌಟಿನ ಹುದುಲಿಗೆ ಒಂದು ಕಾಗದದ ನಕ್ಷೆ: ಓಎಲ್1 ಡಾರ್ಕ್ ಪೀಕ್ ಬಳಸಿ ನೋಡಿದ ಮೇಲೆ

ಇದು ಒಂದು ನಕ್ಷೆಯ ರಿವ್ಯೂ. ಫೋನಿನದ್ದಲ್ಲ, ಮಡಚಿ ಬ್ಯಾಗಿಗೆ ಹಾಕಿಕೊಳ್ಳುವ ಕಾಗದದ ನಕ್ಷೆ. ಬ್ರಿಟನ್ನಿನ ನಕ್ಷೆ ಮಾಡುವ ಸರಕಾರಿ ಸಂಸ್ಥೆ ಆರ್ಡ್ನನ್ಸ್ ಸರ್ವೆಯವರ ಎಕ್ಸ್‌ಪ್ಲೋರರ್ ಸರಣಿಯ ಓಎಲ್1, ಡಾರ್ಕ್ ಪೀಕ್ ಏರಿಯಾ. ಮ್ಯಾಂಚೆಸ್ಟರ್, ಶೆಫೀಲ್ಡ್ ಕಡೆ ಇರುವ ನಮ್ಮವರು ಸುಮಾರು ಜನ ಇಂಗ್ಲೆಂಡಿನ ಬೆಟ್ಟಸೀಮೆ ಪೀಕ್ ಡಿಸ್ಟ್ರಿಕ್ಟ್‌ಗೆ ಹೋಗುತ್ತಾರೆ, ಮಾಮ್ ಟಾರ್ ಅನ್ನುವ ಗುಡ್ಡ ಹತ್ತಿ ಫೋಟೋ ತೆಗೆದುಕೊಂಡು ವಾಪಸ್ ಬರುತ್ತಾರೆ. ಅದಕ್ಕೆ ನಕ್ಷೆ ಬೇಕಾಗಿಲ್ಲ, ಮೇಲಿನ ತನಕ ಕಲ್ಲು ಹಾಸಿದೆ. ಆದರೆ ಅಲ್ಲಿ ನಿಂತು ಉತ್ತರಕ್ಕೆ ನೋಡಿದರೆ ಕಣಿವೆಯ ಆಚೆ ಉದ್ದಕ್ಕೆ ಮಲಗಿರುವ ಒಂದು ಕಂದು ಬೆಟ್ಟ ಕಾಣುತ್ತದಲ್ಲ, ಮೇಲೆ ಚಪ್ಪಟೆ, ಎಲ್ಲೂ ಒಂದು ಚೂಪು ತುದಿ ಇಲ್ಲ, ಅದೇ ಕಿಂಡರ್ ಸ್ಕೌಟ್. ಅದರ ನಿಜವಾದ ತುದಿಗೆ ಹೋಗಬೇಕು ಅಂದರೆ ಈ ನಕ್ಷೆ ಬೇಕು. ನಾನು ಒಂದು ಸಲ ಇದಿಲ್ಲದೆ ಹೋಗಿದ್ದೇನೆ, ಮೂರು ಸಲ ಇದನ್ನು ಹಿಡಿದು ಹೋಗಿದ್ದೇನೆ. ಆ ವ್ಯತ್ಯಾಸ ಹೇಳಬೇಕು ಅಂತಲೇ ಬರೆಯುತ್ತಿದ್ದೇನೆ.

ಎತ್ತರ 636 ಮೀಟರು. ಬೆಂಗಳೂರೇ ಸಮುದ್ರ ಮಟ್ಟದಿಂದ 900 ಮೀಟರು ಮೇಲಿದೆ, ಮುಳ್ಳಯ್ಯನಗಿರಿ 1,930. ಹಾಗಾಗಿ ನಮ್ಮ ಕಡೆಯವರಿಗೆ 636 ಅಂದರೆ ಅದೇನು ಬೆಟ್ಟ ಅನಿಸುತ್ತದೆ. ನನಗೂ ಅನಿಸಿತ್ತು. ಆದರೆ ಕೊಡಚಾದ್ರಿ ಹತ್ತುವುದು ಬೇರೆ, ಇದು ಬೇರೆ. ಕೊಡಚಾದ್ರಿಯಲ್ಲಿ ಕಾಲು ಮೇಲೆ ಹೋಗುತ್ತದೆ. ಇಲ್ಲಿ ಕಾಲು ಕೆಳಗೆ ಹೋಗುತ್ತದೆ!

ಮೇಲಿನ ಬಯಲು ಪೂರ್ತಿ ಪೀಟ್. ಅಂದರೆ ಸಾವಿರಾರು ವರ್ಷಗಳಿಂದ ಸತ್ತ ಪಾಚಿ, ಹುಲ್ಲು, ನೀರಲ್ಲೇ ಮುಳುಗಿದ್ದರಿಂದ ಪೂರ್ತಿ ಕೊಳೆಯದೆ ಪದರ ಪದರವಾಗಿ ಕೂತ ಕಪ್ಪು ಮಣ್ಣು. ಕೆಲವು ಕಡೆ ಎರಡು ಮೂರು ಮೀಟರು ಆಳ. ಮಲೆನಾಡಿನವರಿಗೆ ಹುದುಲು ಅಂದರೆ ಗೊತ್ತಾಗುತ್ತದೆ. ಗದ್ದೆ ಬದಿಯಲ್ಲಿ ಮೇಲೆ ಹುಲ್ಲು ಕಾಣುತ್ತದೆ, ಕಾಲಿಟ್ಟರೆ ಮೊಣಕಾಲ ತನಕ ಇಳಿಯುತ್ತದೆ, ಅದೇ. ಅಂಥದ್ದು ಬೆಟ್ಟದ ತಲೆಯ ಮೇಲೆ ಕಿಲೋಮೀಟರುಗಟ್ಟಲೆ ಇದೆ ಅಂದುಕೊಳ್ಳಿ. ಆ ಪೀಟನ್ನು ಮಳೆನೀರು ಕೊರೆದು ಓಣಿಗಳನ್ನು ಮಾಡಿದೆ, ಇಲ್ಲಿಯವರು ಅದಕ್ಕೆ ಗ್ರಫ್ ಅನ್ನುತ್ತಾರೆ. ಆಳು ಮುಳುಗುವಷ್ಟು ಆಳದ ಓಣಿಗಳೂ ಇವೆ. ಒಳಗೆ ಇಳಿದರೆ ಎರಡೂ ಕಡೆ ಕಪ್ಪು ಗೋಡೆ, ಮೇಲೆ ಆಕಾಶದ ಒಂದು ಪಟ್ಟಿ. ಓಣಿ ನೇರ ಹೋಗುವುದಿಲ್ಲ, ಹಾವಿನ ಹಾಗೆ ತಿರುಗುತ್ತದೆ. ಎರಡು ತಿರುವು ಆದ ಮೇಲೆ ಯಾವ ಕಡೆಯಿಂದ ಬಂದೆ ಅನ್ನುವುದೇ ಮರೆಯುತ್ತದೆ.

ಮೊದಲ ಸಲ, ಒಂದು ಮಾರ್ಚ್ ತಿಂಗಳು, ನಾನು ಬರೀ ಫೋನ್ ನಂಬಿ ಹೋಗಿದ್ದೆ. ಎಲ್ಲರ ಫೋನಲ್ಲೂ ಇರುವಂಥ ಸಾಮಾನ್ಯ ಆ್ಯಪ್. ಊರಲ್ಲಿ ರಸ್ತೆ, ಹೋಟೆಲು ಎಲ್ಲ ತೋರಿಸುತ್ತದೆ. ಮೇಲೆ ಹೋದಾಗ ಪರದೆಯ ಮೇಲೆ ಒಂದು ಬೋಳು ಬಯಲು, ನಡುವೆ ನಾನು ಒಂದು ನೀಲಿ ಚುಕ್ಕಿ. ಅಷ್ಟೇ. ಸುತ್ತ ಏನಿದೆ ಅಂತ ಒಂದು ಗೆರೆ ಇಲ್ಲ. ಅಷ್ಟರಲ್ಲಿ ಮಂಜು ಬಂತು, ನೆಟ್‌ವರ್ಕ್ ಹೋಯಿತು. ಒದ್ದೆ ಬೆರಳಿಗೆ ಪರದೆ ಕೆಲಸ ಮಾಡಲಿಲ್ಲ. ಚಳಿಗೆ ಬ್ಯಾಟರಿ ನಲವತ್ತರಿಂದ ನೇರ ಸೊನ್ನೆಗೆ ಬಂತು. ಸುಮಾರು ಒಂದೂವರೆ ಗಂಟೆ ಗ್ರಫ್‌ಗಳೊಳಗೆ ಇಳಿದು ಹತ್ತಿ ಇಳಿದು ಹತ್ತಿ, ಕೊನೆಗೆ ನೀರು ಹರಿಯುವ ಸದ್ದು ಹಿಡಿದು ಒಂದು ತೊರೆಯ ಜೊತೆ ಕೆಳಗೆ ಬಂದೆ. ಅದು ಕ್ರೌಡನ್ ಬ್ರೂಕ್ ಅಂತ ಗೊತ್ತಾಗಿದ್ದು ಆಮೇಲೆ, ಈ ನಕ್ಷೆ ಕೊಂಡು ಊಟದ ಮೇಜಿನ ಮೇಲೆ ಬಿಡಿಸಿ ನೋಡಿದಾಗ. ಆ ದಿನ ನಿಜಕ್ಕೂ ಹೆದರಿದ್ದೆ.

ಈಗ ನಕ್ಷೆ ವಿಷಯಕ್ಕೆ ಬರುತ್ತೇನೆ. ಸ್ಕೇಲು 1:25,000. ನೆಲದ ಮೇಲಿನ ಒಂದು ಕಿಲೋಮೀಟರು ಕಾಗದದ ಮೇಲೆ ನಾಲ್ಕು ಸೆಂಟಿಮೀಟರು. ನೀಲಿ ಗೆರೆಗಳ ಚೌಕ ಇದೆ, ಒಂದೊಂದು ಚೌಕ ಒಂದು ಕಿಲೋಮೀಟರು. ಇದೇ ಕಂಪನಿಯ ಗುಲಾಬಿ ಅಟ್ಟೆಯ ಲ್ಯಾಂಡ್‌ರೇಂಜರ್ ಕೂಡ ಸಿಗುತ್ತದೆ, ಈ ಜಾಗಕ್ಕೆ 110ನೇ ನಂಬರು, 1:50,000. ಸೈಕಲ್ ಹೊಡೆಯುವವರಿಗೆ, ಕಾರಲ್ಲಿ ಸುತ್ತುವವರಿಗೆ ಅದು ಸಾಕು. ನಡೆಯುವವರಿಗೆ ಅಲ್ಲ. ಹೊಲದ ಕಲ್ಲುಗೋಡೆಗಳು ಅದರಲ್ಲಿಲ್ಲ, ಓಎಲ್1ರಲ್ಲಿ ಇವೆ. ಮಂಜಿನಲ್ಲಿ ಬೆಟ್ಟ ಇಳಿಯುವಾಗ ಒಂದು ಗೋಡೆ ಸಿಕ್ಕಿತು ಅನ್ನಿ, ಅದು ಯಾವ ಗೋಡೆ ಅಂತ ಗೊತ್ತಾದರೆ ಎಷ್ಟು ಧೈರ್ಯ ಬರುತ್ತದೆ ಅಂತ ಅಲ್ಲಿ ನಿಂತವರಿಗೇ ಗೊತ್ತು.

ನನಗೆ ಜಾಸ್ತಿ ಉಪಯೋಗಕ್ಕೆ ಬಂದಿದ್ದು ನೀರಿನ ಗೆರೆಗಳು. ಕಿಂಡರಿನ ಮೇಲ್ಭಾಗವನ್ನು ಈ ಹಾಳೆಯಲ್ಲಿ ನೋಡಿ. ಎಲೆಯ ನರಗಳ ಹಾಗೆ ಸಣ್ಣ ನೀಲಿ ಎಳೆಗಳು ಒಂದಕ್ಕೊಂದು ಸೇರುತ್ತಾ ಹೋಗುತ್ತವೆ. ಪಶ್ಚಿಮಕ್ಕೆ ಹೋಗುವವು ಕಿಂಡರ್ ನದಿಗೆ, ಅದು ಕಿಂಡರ್ ಡೌನ್‌ಫಾಲ್ ಅನ್ನುವ 30 ಮೀಟರಿನ ಜಲಪಾತದಲ್ಲಿ ಬೀಳುತ್ತದೆ. ದಕ್ಷಿಣಕ್ಕೆ ಹೋಗುವವು ಕ್ರೌಡನ್ ಬ್ರೂಕಿಗೆ, ಗ್ರೈಂಡ್ಸ್‌ಬ್ರೂಕಿಗೆ. ಅಂದರೆ ಒಂದು ಗ್ರಫ್‌ನಲ್ಲಿ ನಿಂತು ಕಾಲ ಕೆಳಗಿನ ನೀರು ಯಾವ ಕಡೆ ಹರಿಯುತ್ತಿದೆ ಅಂತ ನೋಡಿದರೆ, ನೀವು ಬೆಟ್ಟದ ಯಾವ ಮಗ್ಗುಲಲ್ಲಿ ಇದ್ದೀರಿ ಅಂತ ಅಂದಾಜು ಸಿಗುತ್ತದೆ. ನಮ್ಮೂರಲ್ಲಿ ಅಜ್ಜ ತೋಟದ ಬಸಿಗಾಲುವೆ ನೋಡಿ ಇಳಿಜಾರು ಹೇಳುತ್ತಿದ್ದರು, ಅದೇ ವಿದ್ಯೆ.

ಹಸಿರು ಗೆರೆ, ಕಪ್ಪು ಗೆರೆ ಬೇರೆ ಬೇರೆ ಅನ್ನುವುದನ್ನು ಮೊದಲೇ ಕಲಿತುಕೊಳ್ಳಿ. ಹಸಿರು ತುಂಡುಗೆರೆ ಅಂದರೆ ಸಾರ್ವಜನಿಕರಿಗೆ ಹಕ್ಕಿರುವ ದಾರಿ. ಕಾಗದದ ಮೇಲೆ ಹಕ್ಕು ಇದೆ ಅಷ್ಟೇ, ನೆಲದ ಮೇಲೆ ಸವೆದ ದಾರಿ ಇರಲೇಬೇಕು ಅಂತಿಲ್ಲ. ಕಪ್ಪು ತುಂಡುಗೆರೆ ನೆಲದ ಮೇಲೆ ಕಾಣುವ ದಾರಿ. ಹಸಿರು ವಜ್ರದ ಗುರುತು ಇದ್ದರೆ ಅದು ರಾಷ್ಟ್ರೀಯ ದಾರಿ, ಇಲ್ಲಿ ಪೆನೈನ್ ವೇ. ಈಡೇಲ್ ಊರಿನಿಂದ ಶುರುವಾಗಿ ಸ್ಕಾಟ್ಲೆಂಡಿನ ಕರ್ಕ್ ಯೆಟ್‌ಹೋಮ್ ತನಕ 268 ಮೈಲಿ.

ಇನ್ನು ಹಳದಿ ಬಣ್ಣ. ಕಿಂಡರಿನ ಮೇಲೆಲ್ಲ ತೆಳು ಹಳದಿ ಬಳಿದಿದೆ, ಅಂಚಿಗೆ ಕಿತ್ತಳೆ. ಅಲ್ಲಿ ದಾರಿ ಬಿಟ್ಟು ಎಲ್ಲಿ ಬೇಕಾದರೂ ನಡೆಯಬಹುದು ಅಂತ ಅರ್ಥ. ಈ ಹಳದಿ ಸುಮ್ನೆ ಬಂದದ್ದಲ್ಲ. 1932ರ ಏಪ್ರಿಲ್ 24ರಂದು ನೂರಾರು ಜನ ಹೇಫೀಲ್ಡ್ ಕಡೆಯಿಂದ ಈ ಬೆಟ್ಟಕ್ಕೆ ನುಗ್ಗಿದರು. ಹೆಚ್ಚಿನವರು ಮ್ಯಾಂಚೆಸ್ಟರಿನ ಕಾರ್ಖಾನೆಗಳಲ್ಲಿ ದುಡಿಯುವ ಹುಡುಗ ಹುಡುಗಿಯರು. ಆಗ ಈ ಬೆಟ್ಟ ಜಮೀನ್ದಾರರು ಗ್ರೌಸ್ ಹಕ್ಕಿ ಬೇಟೆಗೆ ಇಟ್ಟುಕೊಂಡ ಜಾಗ, ಕಾವಲುಗಾರರು ಬೇರೆ. ಮುಂದೆ ನಿಂತವರಲ್ಲಿ ಬೆನ್ನಿ ರಾಥ್‌ಮನ್ ಅಂತ ಇಪ್ಪತ್ತು ವರ್ಷದ ಹುಡುಗ. ಅವನೂ ಸೇರಿ ಐದು ಜನ ಜೈಲಿಗೆ ಹೋದರು. 1951ರಲ್ಲಿ ಪೀಕ್ ಡಿಸ್ಟ್ರಿಕ್ಟ್ ಬ್ರಿಟನ್ನಿನ ಮೊದಲ ರಾಷ್ಟ್ರೀಯ ಉದ್ಯಾನ ಆಯಿತು, 2000ನೇ ಇಸವಿಯಲ್ಲಿ ಇಂಥ ತೆರೆದ ಬೆಟ್ಟಗಳಲ್ಲಿ ಓಡಾಡುವ ಹಕ್ಕಿಗೆ ಕಾನೂನು ಬಂತು. ಆ ಕಾನೂನೇ ಈ ಹಾಳೆಯ ಮೇಲೆ ಹಳದಿಯಾಗಿ ಕೂತಿದೆ. ನನಗೆ ಆ ಬಣ್ಣ ನೋಡಿದಾಗಲೆಲ್ಲ ಅವರ ನೆನಪು ಬರುತ್ತದೆ. ಕೂಲಿ ಮಾಡುವವರು ಒಂದು ಭಾನುವಾರ ಬೆಟ್ಟ ಹತ್ತಬೇಕು ಅಂತ ಜೈಲಿಗೆ ಹೋದದ್ದಕ್ಕೆ ನಾನು ಇವತ್ತು ಯಾರನ್ನೂ ಕೇಳದೆ ಅಲ್ಲಿ ನಡೆಯುತ್ತೇನೆ.

ಈ ಸಲ ಏಪ್ರಿಲ್ ಕೊನೆಯ ಶನಿವಾರ ಹೋಗಿದ್ದೆ, ಜೊತೆಗೆ ಆಫೀಸಿನ ದಾವಣಗೆರೆ ಹುಡುಗ ಒಬ್ಬ. ಮ್ಯಾಂಚೆಸ್ಟರಿನಿಂದ ಈಡೇಲ್‌ಗೆ ರೈಲಲ್ಲಿ ಮುಕ್ಕಾಲು ಗಂಟೆ. ಅಪ್ಪರ್ ಬೂತ್ ದಾಟಿ, ಜೇಕಬ್ಸ್ ಲ್ಯಾಡರ್ ಅನ್ನುವ ಕಲ್ಲುಮೆಟ್ಟಿಲು ಹತ್ತಿ, ಈಡೇಲ್ ರಾಕ್ಸ್ ಬಿಟ್ಟರೆ ಕಿಂಡರ್ ಲೋ. ಇಲ್ಲಿ ತನಕ ದಾರಿ ಚೆನ್ನಾಗಿದೆ, ಜನರೂ ಇರುತ್ತಾರೆ. ಬಂಡೆಯ ಮೇಲೆ ಒಂದು ಕಾಂಕ್ರೀಟ್ ಕಂಬ ಇದೆ. ಟ್ರಿಗ್ ಪಾಯಿಂಟ್. ನಕ್ಷೆಯಲ್ಲಿ ಒಂದು ಪುಟ್ಟ ನೀಲಿ ತ್ರಿಕೋನ, ನಡುವೆ ಚುಕ್ಕಿ, ಪಕ್ಕದಲ್ಲಿ 633.

ಈ ಕಂಬಗಳದ್ದೂ ಒಂದು ಕಥೆ ಇದೆ. 1936ರಿಂದ ಸರ್ವೆಯವರು ಬ್ರಿಟನ್ನಿನ ಗುಡ್ಡಗುಡ್ಡಗಳ ಮೇಲೆ ಸುಮಾರು 6,500 ಕಂಬ ನಿಲ್ಲಿಸಿದರು. ಒಂದರಿಂದ ಇನ್ನೊಂದು ಕಾಣಬೇಕು, ಅವುಗಳ ನಡುವಿನ ಕೋನ ಅಳೆದು ತ್ರಿಕೋನ ಕಟ್ಟಿ ಇಡೀ ದೇಶ ಅಳೆಯಬೇಕು. ಇದೇ ತ್ರಿಕೋನದ ಲೆಕ್ಕ ನಮ್ಮಲ್ಲೂ ನಡೆದಿತ್ತು, ಇನ್ನೂ ಎಷ್ಟೋ ಮೊದಲು. 1804ರಲ್ಲಿ ಲ್ಯಾಂಬ್ಟನ್ ಅನ್ನುವ ಬ್ರಿಟಿಷ್ ಸರ್ವೆ ಅಧಿಕಾರಿಯ ತಂಡ ಬೆಂಗಳೂರಿನ ಹತ್ತಿರ ಸರಪಳಿ ಹಿಡಿದು ಬೇಸ್‌ಲೈನ್, ಅಂದರೆ ತ್ರಿಕೋನದ ಲೆಕ್ಕಕ್ಕೆ ಆಧಾರವಾದ ಮೊದಲ ಗೆರೆ, ಅಳೆದದ್ದು ಇದೇ ಕೆಲಸಕ್ಕೆ. ಚಳಿಗಾಳಿಯಲ್ಲಿ ಆ ಕಂಬಕ್ಕೆ ಒರಗಿ ನಿಂತಾಗ ನಮ್ಮೂರಿನ ನೆಲಕ್ಕೂ ಇದಕ್ಕೂ ಒಂದು ಗೆರೆ ಎಳೆದ ಹಾಗೆ ಅನಿಸಿತು.

ಹುಡುಗ ಕಂಬ ಮುಟ್ಟಿ ಫೋಟೋ ತೆಗೆಸಿಕೊಂಡ. "ಅಣ್ಣಾ, ಬಂತಲ್ಲ, ಮುಗೀತಲ್ವಾ?" ಅಂದ.

"ಇಲ್ಲ ಕಣೋ, ಇದು ಮೂರು ಮೀಟರು ಕಮ್ಮಿ. ತುದಿ ಅಲ್ಲಿದೆ" ಅಂದೆ.

ಅವನು ನಾನು ತೋರಿಸಿದ ಕಡೆ ನೋಡಿದ. ಮಂಜು ಬಿಟ್ಟರೆ ಏನೂ ಇರಲಿಲ್ಲ. "ಎಲ್ಲಿ ಅಣ್ಣಾ?"

ಇಲ್ಲಿಂದ ಮುಂದೆ ನಕ್ಷೆಯ ನಿಜವಾದ ಕೆಲಸ. ಬಂಡೆಯ ಮರೆಗೆ ಕೂತು ಹಾಳೆ ಬಿಡಿಸಿದೆವು. ಟ್ರಿಗ್ ಪಾಯಿಂಟಿನ ಚುಕ್ಕಿಯಿಂದ 636 ಅನ್ನುವ ಸಣ್ಣ ಅಂಕಿಯ ತನಕ ಕಂಪಾಸಿನ ಅಂಚು ಇಟ್ಟೆ. ಕಾಗದದ ಮೇಲೆ ಮೂರು ಸೆಂಟಿಮೀಟರು ಚಿಲ್ಲರೆ, ಅಂದರೆ ನೆಲದ ಮೇಲೆ ಹತ್ತಿರ ಹತ್ತಿರ 800 ಮೀಟರು, ಈಶಾನ್ಯಕ್ಕೆ, ಸುಮಾರು 50 ಡಿಗ್ರಿ. ಕಂಪಾಸಿನ ಉತ್ತರಕ್ಕೂ ನಕ್ಷೆಯ ಉತ್ತರಕ್ಕೂ ಇರುವ ವ್ಯತ್ಯಾಸ ಇಲ್ಲಿ ಈಗ ಲೆಕ್ಕಕ್ಕೆ ಇಲ್ಲದಷ್ಟು ಕಮ್ಮಿ, ಹಾಗಾಗಿ ಕೂಡಿಸಿ ಕಳೆಯುವ ತಲೆನೋವಿಲ್ಲ. ಚಪ್ಪಟೆ ನೆಲದಲ್ಲಿ ನನಗೆ ನೂರು ಮೀಟರಿಗೆ ಎಡಗಾಲು 64 ಸಲ ಬೀಳುತ್ತದೆ, ಪೀಟಿನಲ್ಲಿ ಎಂಬತ್ತರ ಹತ್ತಿರ. ಅಂಥ ಎಂಟು ಎಣಿಕೆ ಆದರೆ ತುದಿ.

ಹೊರಟೆವು. ಇಪ್ಪತ್ತು ಹೆಜ್ಜೆಗೆ ಮೊದಲ ಗ್ರಫ್. ಅಂಚಲ್ಲಿ ಕೂತು ಜಾರಿ ಇಳಿದೆವು, ಕೆಳಗೆ ಕಾಫಿ ಬಣ್ಣದ ನೀರು, ಅಡಿಯಲ್ಲಿ ಮರಳು, ಅದು ಗಟ್ಟಿ. ಹೆದರಬೇಕಾದದ್ದು ನೀರಿಗಲ್ಲ, ನೀರಿನ ಪಕ್ಕದ ನುಣುಪು ಕಪ್ಪಿಗೆ. ಅಲ್ಲಿ ಹುಡುಗನ ಕಾಲು ಮೀನಖಂಡದ ತನಕ ಹೋಯಿತು, ಎಳೆದಾಗ ಬೆಣ್ಣೆ ಗಡಿಗೆಯಿಂದ ಕೈ ತೆಗೆದ ಹಾಗೆ ಸದ್ದು. ಶೂ ಬಾಯಿ ಮುಚ್ಚುವ ಮೊಣಕಾಲುದ್ದದ ಬಟ್ಟೆ, ಗೇಟರ್, ಕಾಲಿಗೆ ಕಟ್ಟಿದ್ದರಿಂದ ಶೂ ಒಳಗೆ ಏನೂ ಹೋಗಲಿಲ್ಲ. ಅದನ್ನು ಮಾತ್ರ ಮರೆಯಬೇಡಿ. ಆಚೆ ಗೋಡೆ ಹತ್ತಿ ಮತ್ತೆ ಕಂಪಾಸ್ ನೋಡಿದೆ, ಎದುರಿಗೆ ಮಂಜಲ್ಲಿ ಕಾಣುವ ಒಂದು ಹುಲ್ಲಿನ ದಿಬ್ಬ ಹಿಡಿದೆ, ಅಲ್ಲಿ ತನಕ ನಡೆದೆವು, ಅಲ್ಲಿಂದ ಇನ್ನೊಂದು ದಿಬ್ಬ. ಹುಡುಗನಿಗೆ ಹೆಜ್ಜೆ ಎಣಿಸುವ ಕೆಲಸ ಕೊಟ್ಟಿದ್ದೆ, ಅವನು ದಾವಣಗೆರೆ ದನಿಯಲ್ಲಿ ಜೋರಾಗಿ ಎಣಿಸುತ್ತಿದ್ದ. ಎಲ್ಲೋ ಒಂದು ಗೋಲ್ಡನ್ ಪ್ಲವರ್ ಹಕ್ಕಿ ಒಂದೇ ಸ್ವರದಲ್ಲಿ ಸಿಳ್ಳೆ ಹಾಕುತ್ತಿತ್ತು. ಬೆಟ್ಟದ ಮೊಲ ಒಂದು ಎದ್ದು ಓಡಿತು. ಚಳಿಗಾಲದ ಬಿಳಿ ಬಣ್ಣ ಇನ್ನೂ ಪೂರ್ತಿ ಹೋಗಿರಲಿಲ್ಲ, ಆ ಕಪ್ಪು ನೆಲದ ಮೇಲೆ ಎಷ್ಟು ದೂರ ಹೋದರೂ ಎದ್ದು ಕಾಣುತ್ತಿತ್ತು.

ಎಂಟನೇ ನೂರು ಮುಗಿಯುವ ಹೊತ್ತಿಗೆ ಒಂದು ಸಣ್ಣ ಏರು, ಮೇಲೆ ನಾಲ್ಕಾರು ಕಲ್ಲು. ಅಷ್ಟೇ ತುದಿ. ಬೋರ್ಡಿಲ್ಲ, ಕಂಬ ಇಲ್ಲ. ಪೀಕ್ ಡಿಸ್ಟ್ರಿಕ್ಟಿನಲ್ಲೇ ಅತಿ ಎತ್ತರದ ಜಾಗ ಅದು, ನಾವಿಬ್ಬರೇ ಇದ್ದೆವು. ಹುಡುಗ ಸುತ್ತ ಒಂದು ಸಲ ನೋಡಿ, "ನಕ್ಷೆ ಇಲ್ಲದಿದ್ದರೆ ಇದು ತುದಿ ಅಂತ ಗೊತ್ತೇ ಆಗ್ತಿರಲಿಲ್ಲ ಅಣ್ಣಾ" ಅಂದ. ಡಬ್ಬಿಯಲ್ಲಿ ಚಪಾತಿ ಪಲ್ಯ ಇತ್ತು, ಅಲ್ಲೇ ತಿಂದೆವು.

ವಾಪಸ್ ಬರುವಾಗಲೂ ನಕ್ಷೆ ಒಂದು ಸುಲಭ ಉಪಾಯ ಕೊಟ್ಟಿತು. ಅಲ್ಲಿಂದ ನೇರ ದಕ್ಷಿಣಕ್ಕೆ ಹೋದರೆ, ಸ್ವಲ್ಪ ಆ ಕಡೆ ಈ ಕಡೆ ಆದರೂ ಸರಿ, ಒಂದು ಕಿಲೋಮೀಟರಿನೊಳಗೆ ಬಯಲಿನ ಅಂಚಿನ ದಾರಿಗೆ ಬಂದು ಬೀಳಲೇಬೇಕು. ತಪ್ಪಿಸಿಕೊಳ್ಳಲು ಆಗುವುದಿಲ್ಲ. ಹಾಗೆ ಬಂದು ಪಿಮ್ ಚೇರ್ ಬಂಡೆ ಹತ್ತಿರ ದಾರಿ ಹಿಡಿದೆವು. ಪೂರ್ವಕ್ಕೆ ತಿರುಗಿ, ಕುರಿ ಮಲಗಿದ ಹಾಗೆ ಕಾಣುವ ವೂಲ್‌ಪ್ಯಾಕ್ಸ್ ಬಂಡೆಗಳು, ಕ್ರೌಡನ್ ಟವರ್, ಕೊನೆಗೆ ಗ್ರೈಂಡ್ಸ್‌ಬ್ರೂಕ್ ಕಣಿವೆಯಲ್ಲಿ ಇಳಿದು ಈಡೇಲ್. ಎಲ್ಲ ಸೇರಿ 13-14 ಕಿಲೋಮೀಟರು, ನಮಗೆ ಆರು ಗಂಟೆ ಹಿಡಿಯಿತು.

ಹಾಗಂತ ಎಲ್ಲವನ್ನೂ ನಕ್ಷೆಯೇ ಹೇಳುತ್ತದೆ ಅಂತಲ್ಲ. ಎಲ್ಲಿ ಕಾಲು ಹೂಳುತ್ತದೆ ಅಂತ ಯಾವ ನಕ್ಷೆಯೂ ಬರೆಯಲು ಆಗುವುದಿಲ್ಲ. ಈ ನೆಲ ಬೇರೆ ಬದಲಾಗುತ್ತಾ ಇದೆ. ನೂರಾರು ವರ್ಷ ಮ್ಯಾಂಚೆಸ್ಟರ್, ಶೆಫೀಲ್ಡ್ ಕಾರ್ಖಾನೆಗಳ ಹೊಗೆ ಇಲ್ಲಿ ಬಿದ್ದು, ನೀರು ಹಿಡಿದಿಡುವ ಸ್ಫ್ಯಾಗ್ನಮ್ ಪಾಚಿ ಸತ್ತುಹೋಗಿತ್ತು. ಪಾಚಿ ಹೋದ ಮೇಲೆ ಪೀಟು ಬರಿಮೈ ಆಗಿ ಮಳೆಗೆ ಕೊಚ್ಚಿಹೋಗುತ್ತಿತ್ತು. 2003ರಿಂದ ಮೂರ್ಸ್ ಫಾರ್ ದಿ ಫ್ಯೂಚರ್ ಅನ್ನುವವರು ಸುತ್ತಮುತ್ತಲಿನ ಬೆಟ್ಟಗಳಲ್ಲೆಲ್ಲ ಹುಲ್ಲು ಬಿತ್ತಿ, ಹೆಲಿಕಾಪ್ಟರಿನಲ್ಲಿ ಕಲ್ಲು ತಂದು ಗ್ರಫ್‌ಗಳಿಗೆ ಅಡ್ಡಕಟ್ಟೆ ಹಾಕಿ, ಮತ್ತೆ ಸ್ಫ್ಯಾಗ್ನಮ್ ನೆಡುತ್ತಿದ್ದಾರೆ. ಹಾಗಾಗಿ ಒಣಗಿದ್ದ ಓಣಿಗಳಲ್ಲಿ ಈಗ ನೀರು ನಿಂತಿದೆ, ಸುತ್ತಿಕೊಂಡು ಹೋಗಬೇಕು. ಸುತ್ತಿಕೊಂಡು ಹೋಗಿ ದಯವಿಟ್ಟು. ಆ ಹಸಿರು ಮೆತ್ತೆಯ ಮೇಲೆ ಕಾಲಿಡಬೇಡಿ, ಅದು ಬೆಳೆಯಲು ವರ್ಷಗಳು ಬೇಕು. ಬಗ್ಗಿ ಒಂದು ಹಿಡಿ ಒತ್ತಿ ನೋಡಿದೆ, ಕಿತ್ತಲಿಲ್ಲ, ಬೆರಳ ನಡುವೆ ನೀರು ತೊಟ್ಟಿಕ್ಕಿತು. ಬಿಟ್ಟ ಕೂಡಲೇ ಮತ್ತೆ ಎದ್ದು ಕೂತಿತು.

ಕೊಳ್ಳುವವರಿಗೆ ಎರಡು ಮಾತು. ಒಂದೇ ಹಾಳೆಗೆ ಎರಡು ಥರ ಸಿಗುತ್ತದೆ, ಸಾದಾ ಕಾಗದ ಮತ್ತು ಆಕ್ಟಿವ್ ಅನ್ನುವ ಪ್ಲಾಸ್ಟಿಕ್ ಲೇಪದ್ದು. ದುಡ್ಡು ಜಾಸ್ತಿ ಆದರೂ ಲೇಪದ್ದೇ ತೆಗೆದುಕೊಳ್ಳಿ. ನಾನು ಮೊದಲು ಸಾದಾ ಕೊಂಡು, ಬೇರೆ ಕಡೆ ಒಂದು ಪಾರದರ್ಶಕ ಚೀಲ ತೆಗೆದುಕೊಂಡಿದ್ದೆ. ಆ ಚೀಲದ ಬಾಯಿಯಿಂದಲೇ ನೀರು ಒಳಗೆ ಹೋಗಿ ಮಡಿಕೆಗಳೆಲ್ಲ ಹರಿದುಹೋದವು. ಲೇಪದ್ದು ಸ್ವಲ್ಪ ಭಾರ, ಹೊಸದಾಗಿದ್ದಾಗ ಮಡಚಲು ಬಿರುಸು. ಹಾಳೆ ದೊಡ್ಡದು, ಎರಡೂ ಬದಿ ಮುದ್ರಣ ಇದೆ, ಗಾಳಿಯಲ್ಲಿ ಪೂರ್ತಿ ಬಿಡಿಸಲು ಹೋಗಬೇಡಿ. ಮನೆಯಲ್ಲೇ ಆ ದಿನದ ಜಾಗ ಮೇಲೆ ಬರುವ ಹಾಗೆ ಮಡಚಿಟ್ಟುಕೊಳ್ಳಿ. ಅಟ್ಟೆಯ ಒಳಗೆ ಒಂದು ಕೋಡ್ ಇರುತ್ತದೆ, ಅದನ್ನು ಹಾಕಿದರೆ ಇದೇ ನಕ್ಷೆ ಫೋನಿಗೂ ಇಳಿಯುತ್ತದೆ. ಇಳಿಸಿಕೊಳ್ಳಿ, ಫೋನೂ ಇರಲಿ. ಆದರೆ ಕೈಯಲ್ಲಿ ಕಾಗದ ಇರಲಿ. ಕಂಪಾಸ್ ಇಲ್ಲದೆ ಕೊಂಡರೆ ಅರ್ಧ ಕೊಂಡ ಹಾಗೆ.

ಇನ್ನೊಂದು, ಚೌಕದ ಅಂಕಿ ಓದುವುದನ್ನು ಮಕ್ಕಳಿಗೂ ಕಲಿಸಿ. ಮೊದಲು ಅಡ್ಡ, ಆಮೇಲೆ ಮೇಲೆ. ಕಿಂಡರಿನ ತುದಿ ಇರುವುದು ಎಸ್‌ಕೆ 08 87 ಚೌಕದಲ್ಲಿ, ಎಸ್‌ಕೆ ಅನ್ನುವುದು ಇಂಥ ಚೌಕಗಳೆಲ್ಲ ಸೇರಿದ ದೊಡ್ಡ ಚೌಕದ ಹೆಸರು. ಏನಾದರೂ ಆದರೆ 999ಕ್ಕೆ ಹೊಡೆದು ಪೊಲೀಸ್ ಕೇಳಿ, ಅವರ ಹತ್ತಿರ ಮೌಂಟನ್ ರೆಸ್ಕ್ಯೂ ಅಂತ ಹೇಳಬೇಕು, ಆಗ ಮೊದಲು ಕೇಳುವುದು ಎಲ್ಲಿದ್ದೀರಿ ಅಂತ. "ಸುತ್ತ ಮಂಜಿದೆ, ಕೆಸರಿದೆ" ಅಂದರೆ ಅವರಿಗೆ ಏನು ಗೊತ್ತಾಗುತ್ತದೆ? ನಾಲ್ಕು ಅಂಕಿ ಹೇಳಿದರೆ ಒಂದು ಕಿಲೋಮೀಟರಿನ ಚೌಕ ಸಿಗುತ್ತದೆ, ಆರು ಹೇಳಿದರೆ ನೂರು ಮೀಟರಿನದ್ದು.

ಐದಕ್ಕೆ ಐದು ಕೊಡುತ್ತೇನೆ. ರೈಲಲ್ಲಿ ಬರುವಾಗ ಹುಡುಗ ನಕ್ಷೆ ಕೇಳಿ ತೊಡೆಯ ಮೇಲೆ ಹಾಕಿಕೊಂಡ, ಉತ್ತರಕ್ಕೆ ಬೆರಳು ಸರಿಸುತ್ತಾ ಹೋಗಿ ಬ್ಲೀಕ್‌ಲೋ ಹತ್ತಿರ ನಿಲ್ಲಿಸಿದ. 633 ಮೀಟರು, ಇದೇ ಹಾಳೆಯಲ್ಲಿದೆ, ಅಲ್ಲೂ ನೀಲಿ ಎಳೆಗಳು ತುಂಬಿಕೊಂಡಿವೆ. "ಇದಕ್ಕೆ ಯಾವಾಗ ಅಣ್ಣಾ?" ಅಂದ. ಜೂನ್ ಎರಡನೇ ಶನಿವಾರ ಅಂತ ಮಾತಾಗಿದೆ. ಅವನೂ ಒಂದು ಕಂಪಾಸ್ ತರಿಸಿಕೊಂಡಿದ್ದಾನೆ.